ಗೋಸುಂಬೆಯ ನಿಜಬಣ್ಣ

ಕನ್ನಡದಲ್ಲಿ ಯಾರನ್ನಾದರೂ ಗೋಸುಂಬೆ ಎಂದರೆ ಬೈದಂತೆಯೇ. ಅಮೆರಿಕದ ಪಿಯಾನೊ ವಾದಕ ಹರ್ಬಿ ಹ್ಯಾನ್‌ಕಾಕ್ 1973ರ ‘ಹೆಡ್ ಹಂಟರ್ಸ್’ ಆಲ್ಬಂನ ಮೊದಲ ರಚನೆಗೆ ಅದೇ ಪ್ರಾಣಿಯ ಹೆಸರಿಟ್ಟರು: ‘ಕಮೀಲಿಯನ್’. ಬೈಗುಳವೂ ತಪ್ಪಲಿಲ್ಲ. ಜಾಝ್ ದಿಗ್ಗಜ ಮೈಲ್ಸ್ ಡೇವಿಸ್ ಜೊತೆ ನುಡಿಸಿದವರು ಕುಣಿತದ ಫಂಕ್‌ಗೆ ಇಳಿದದ್ದು ದುಡ್ಡಿಗಾಗಿ ಎಂದು ಜಾಝ್‌ನ ಮಡಿವಂತರು ಮೂಗು ಮುರಿದರು. ಆಲ್ಬಂ ಭರ್ಜರಿಯಾಗಿ ಮಾರಾಟವಾದದ್ದು ಆ ಸಿಟ್ಟಿಗೆ ತುಪ್ಪ ಸುರಿಯಿತು.

ಫಂಕ್‌ನತ್ತ ಹೊರಳಿದ್ದರ ಹಿಂದೊಂದು ಜಪದ ಕತೆಯಿದೆ. 1972ರಲ್ಲಿ ತಮ್ಮ ತಂಡದ ಬಾಸ್ ವಾದಕ ಬಸ್ಟರ್ ವಿಲಿಯಮ್ಸ್ ಮೂಲಕ ಹ್ಯಾನ್‌ಕಾಕ್ ಜಪಾನಿನ ನಿಚಿರೆನ್ ಬೌದ್ಧ ಪಂಥಕ್ಕೆ ಬಂದರು. ‘ನಮ್ ಮ್ಯೊಹೊ ರೆಂಗೆ ಕ್ಯೊ’ ಎಂದು ಮತ್ತೆ ಮತ್ತೆ ಹೇಳುವ ಸಾಧನೆ ಅದು. ಹಾಗೆ ಕೂತಿದ್ದಾಗಲೇ ಮನಸ್ಸು ಸ್ಲೈ ಸ್ಟೋನ್‌ರ ಫಂಕ್ ಕಡೆ ಜಾರಿತು, ಅಂಥದ್ದನ್ನು ನುಡಿಸಲು ತನಗೇಕೆ ಮುಜುಗರ ಎಂಬ ಪ್ರಶ್ನೆ ಎದ್ದಿತು ಎಂದು ಅವರು ಹೇಳಿಕೊಂಡಿದ್ದಾರೆ. ಜಪದಲ್ಲಿ ಚಿತ್ತ ಅಲೆಯುವುದನ್ನು ದೋಷವೆಂದೇ ಎಣಿಸುವವರಿಗೆ ಇದು ತುಸು ವಿಚಿತ್ರವೇ.

ರಚನೆಯ ಬುನಾದಿ, ಹ್ಯಾನ್‌ಕಾಕ್ ತಾವೇ ಎಆರ್‌ಪಿ ಒಡಿಸ್ಸಿ ಸಿಂಥಸೈಜರ್‌ನಲ್ಲಿ ನುಡಿಸಿದ ಪುಟ್ಟ ಬಾಸ್ ಪಲುಕು. ಎರಡೇ ಕಾರ್ಡ್ (ಸ್ವರಗುಚ್ಛ), ಸುತ್ತಿ ಸುತ್ತಿ ಅದೇ. ಕೇಳಿದವರ ಕಿವಿಯಲ್ಲಿ ಉಳಿಯುವುದೂ ಅದೇ. ಆದರೆ 15 ನಿಮಿಷಕ್ಕೂ ಮೀರಿದ ವಾದನದ ನಡುಭಾಗದಲ್ಲಿ ಅದು ಮಾಯ! ಕಾರ್ಡ್‌ಗಳು ಬೇರೆ, ನಡೆ ಬೇರೆ, ಮುಂದೆ ಬರುವುದು ಎಲೆಕ್ಟ್ರಿಕ್ ಪಿಯಾನೊ. ಕೊನೆಗೆ ಏನೂ ಆಗಿಲ್ಲವೆಂಬಂತೆ ಪಲುಕು ಮರಳುತ್ತದೆ.

ಹಾಗಾದರೆ ಇದರಲ್ಲಿ ‘ಕಮೀಲಿಯನ್’ ಯಾವುದು?

ಇಂಥದೇ ಪ್ರಶ್ನೆಯನ್ನು ಬೌದ್ಧ ಗ್ರಂಥ ‘ಮಿಲಿಂದ ಪಞ್ಹ’ದಲ್ಲಿ ಭಿಕ್ಷು ನಾಗಸೇನ ದೊರೆ ಮಿಲಿಂದನಿಗೆ ಕೇಳುತ್ತಾನೆ: ಗಾಲಿ ರಥವೆ? ಅಚ್ಚು ರಥವೆ? ನೊಗವೆ? ಯಾವುದೂ ಅಲ್ಲ; ಇವೆಲ್ಲ ಕೂಡಿದಾಗ ಕರೆಯುವ ಹೆಸರಷ್ಟೇ ರಥ. ಊರೂರಿನ ವಾದಕರು ತಮ್ಮದೇ ರೀತಿಯಲ್ಲಿ ನುಡಿಸುವ ‘ಕಮೀಲಿಯನ್’ನಂಥ ಜಾಝ್ ಸ್ಟ್ಯಾಂಡರ್ಡ್‌ಗೆ ಈ ವಾದ ಒಪ್ಪುತ್ತದೆ, ಆದರೆ ಪೂರ್ತಿ ಅಲ್ಲ. ನಡುಭಾಗವನ್ನು ಕೈಬಿಟ್ಟರೆ ಯಾರೂ ದೂರುವುದಿಲ್ಲ. ಬಾಸ್ ಪಲುಕನ್ನು ಬಿಟ್ಟರೆ ಯಾರೂ ಗುರುತಿಸುವುದಿಲ್ಲ. ಈ ರಥದಲ್ಲಿ ಗಾಲಿಯ ತೂಕವೇ ಬೇರೆ.

ಇನ್ನು ನಿಜಬಣ್ಣದ ಮಾತು. ಗೋಸುಂಬೆ ಬಣ್ಣ ಬದಲಿಸುವುದು ಅಡಗಿಕೊಳ್ಳಲೆಂದೇ ಅಲ್ಲ. ಎದುರಾಳಿಗೆ, ಸಂಗಾತಿಗೆ ಸುದ್ದಿ ಮುಟ್ಟಿಸಲಿಕ್ಕೂ ಹೌದು. ಮಡಿವಂತರು ಬೈಯುವ ಮುನ್ನ ಪ್ರಾಣಿಯನ್ನಾದರೂ ಸರಿಯಾಗಿ ನೋಡಬಹುದಿತ್ತು.

1974ರಲ್ಲೇ ತುತ್ತೂರಿ ವಾದಕ ಮೇನಾರ್ಡ್ ಫರ್ಗುಸನ್ ಈ ರಚನೆಯನ್ನು ತುತ್ತೂರಿಗಳ ದೊಡ್ಡ ಬ್ಯಾಂಡಿಗೆ ಒಗ್ಗಿಸಿದರು. ಶಾಲಾ ಬ್ಯಾಂಡ್‌ಗಳ ಮಕ್ಕಳೂ ಕಲಿತರು. ಹ್ಯಾನ್‌ಕಾಕ್ ಎಂಬತ್ತು ದಾಟಿದ ಮೇಲೂ ಗಿಟಾರ್‌ನಂತೆ ಹಿಡಿಯುವ ಕೀಬೋರ್ಡ್ ಆದ ಕೀಟಾರ್ ಅನ್ನು ಕೊರಳಿಗೆ ತೂಗುಹಾಕಿಕೊಂಡು, ವೇದಿಕೆಯ ಅಂಚಿಗೆ ಬಂದು ಅದೇ ಪಲುಕನ್ನು ಎತ್ತಿಕೊಳ್ಳುತ್ತಾರೆ.