ತೀರ್ಪು ಕೊಡುವ ಹಿನ್ನೆಲೆ ಸಂಗೀತ

ಸಿನಿಮಾದ ನಾಯಕ ಕಾನೂನನ್ನು ಕೈಗೆತ್ತಿಕೊಂಡಾಗ ಅದು ಸರಿಯೋ ತಪ್ಪೋ ಎಂದು ನಾವು ಯೋಚಿಸಬೇಕು. ಆದರೆ ಯೋಚಿಸುವ ಮೊದಲೇ ನಮ್ಮ ಮೈ ಜುಮ್ಮೆನ್ನುತ್ತದೆ. ಆ ಕ್ಷಣ ನಮ್ಮ ಪರವಾಗಿ ತೀರ್ಪು ಕೊಟ್ಟವರು ಯಾರು? ತೆರೆಯ ಹಿಂದಿನ ಸಂಗೀತ.

2008ರಲ್ಲಿ ಬಂದ ಕ್ರಿಸ್ಟೋಫರ್ ನೋಲನ್‌ರ ‘ದಿ ಡಾರ್ಕ್ ನೈಟ್’ ಚಿತ್ರಕ್ಕೆ ಹ್ಯಾನ್ಸ್ ಝಿಮ್ಮರ್ ಮತ್ತು ಜೇಮ್ಸ್ ನ್ಯೂಟನ್ ಹೋವರ್ಡ್ ಸಂಗೀತ ನೀಡಿದರು. ದೊಡ್ಡ ವಾದ್ಯವೃಂದವಿದ್ದರೂ ಬ್ಯಾಟ್‌ಮನ್‌ನ ಗುರುತು ಮೇಲೇರುವ ಎರಡೇ ಸ್ವರ. ಜೋಕರ್‌ಗಾದರೋ ಚೆಲ್ಲೋ ಎಂಬ ತಂತಿವಾದ್ಯದಲ್ಲಿ ಎಳೆದ ಒಂದು ಸ್ವರ. ಹಗ್ಗ ಬಿಗಿದಂತೆ ಅದು ಬಿಗಿಯುತ್ತಾ ಹೋಗುತ್ತದೆ. ಜೋಕರ್‌ನನ್ನು ಹುಡುಕಲು ಬ್ಯಾಟ್‌ಮನ್ ಊರಿನ ಎಲ್ಲ ಫೋನುಗಳನ್ನೂ ತನ್ನ ಕಿವಿಯಾಗಿಸಿಕೊಳ್ಳುತ್ತಾನೆ. ಇಷ್ಟು ಅಧಿಕಾರ ಒಬ್ಬನ ಕೈಯಲ್ಲಿರಬಾರದೆಂದು ಅವನ ಜೊತೆಗಾರ ಲೂಷಿಯಸ್ ಫಾಕ್ಸ್ ಆಕ್ಷೇಪಿಸುತ್ತಾನೆ. ಚಿತ್ರ ಪ್ರಶ್ನೆಯನ್ನು ಮಾತಿನಲ್ಲಿ ಎತ್ತುತ್ತದೆ. ಡ್ರಮ್ಮುಗಳ ಅಬ್ಬರದಲ್ಲಿ ನಾವು ಅದನ್ನು ಮರೆಯುತ್ತೇವೆ.

ಇದು ಹಾಲಿವುಡ್‌ನ ಮಾತಷ್ಟೇ ಅಲ್ಲ. 2018 ಮತ್ತು 2022ರಲ್ಲಿ ಬಂದ ‘ಕೆಜಿಎಫ್’ ಚಿತ್ರಗಳ ರಾಕಿಗೆ ಮುಖವಾಡವಿಲ್ಲ. ಆದರೂ ಪ್ರೇಕ್ಷಕರ ಪಾಲಿಗೆ ಅವನು ಸೂಪರ್ ಹೀರೋನೇ. ಅವನು ಮಾಡುವುದು ಕೊಲೆ, ದರೋಡೆ. ರವಿ ಬಸ್ರೂರರ ಸಂಗೀತ ತಾಯಿಯ ನೆನಪನ್ನೂ ಸಮೂಹಗಾನವನ್ನೂ ಬೆರೆಸಿದಾಗ ಅದೇ ಕೊಲೆ ಹರಕೆ ತೀರಿಸಿದಂತೆ ಕಾಣುತ್ತದೆ. ಸಂಗೀತಗಾರನ ಪ್ರತಿಭೆಯನ್ನು ನಾವು ಅಲ್ಲಗಳೆಯುವುದಿಲ್ಲ. ಪ್ರತಿಭೆ ಇರುವುದರಿಂದಲೇ ಈ ಪ್ರಶ್ನೆ ಗಂಭೀರವಾಗುತ್ತದೆ.

ಹಾಗಾದರೆ ತಪ್ಪು ಸಂಗೀತದ್ದೇ? ಸಂಗೀತದ ಬಗ್ಗೆ ಮುಸ್ಲಿಮ್ ವಿದ್ವಾಂಸರಲ್ಲಿ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಅದನ್ನು ಇಲ್ಲಿ ಬಗೆಹರಿಸಲು ನಾವು ಹೊರಟಿಲ್ಲ. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ತಮ್ಮ ‘ಇಹ್ಯಾ ಉಲೂಮಿದ್ದೀನ್’ನಲ್ಲಿ ಒಂದು ಆಳವಾದ ಮಾತನ್ನು ಎತ್ತಿಕೊಳ್ಳುತ್ತಾರೆ: ಸಂಗೀತ ಹೃದಯದಲ್ಲಿ ಇಲ್ಲದ್ದನ್ನು ತಂದಿಡುವುದಿಲ್ಲ, ಇರುವುದನ್ನು ಕದಡುತ್ತದೆ. ಈ ಮಾತನ್ನು ಒಪ್ಪಿದರೆ ಬೆರಳು ನಮ್ಮತ್ತಲೇ ತಿರುಗುತ್ತದೆ. ನ್ಯಾಯಾಲಯ ನಿಧಾನ, ಪೊಲೀಸರು ದುರ್ಬಲ, ಯಾರಾದರೂ ಒಬ್ಬ ಬಲಶಾಲಿ ಬಂದು ಎಲ್ಲ ಸರಿಮಾಡಲಿ ಎಂಬ ಹಂಬಲ ನಮ್ಮೊಳಗೇ ಇದೆ. ವಾದ್ಯವೃಂದ ಅದನ್ನು ಎಬ್ಬಿಸುತ್ತದೆ.

ಈ ಹಂಬಲ ಚಿತ್ರಮಂದಿರದಲ್ಲೇ ಉಳಿದಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಇಂದು ಸಾಂಬ್ರಾದ ಬಸ್ ನಿಲ್ದಾಣದಲ್ಲಿ ಕುಳಿತ ಹುಡುಗನ ಮೊಬೈಲಿಗೂ ಇಂಥ ಸಂಗೀತ ಅಂಟಿಸಿದ ವಿಡಿಯೋಗಳು ಬರುತ್ತವೆ. ಪುಢಾರಿಯ ಮೆರವಣಿಗೆಗೂ ಅದೇ ಡ್ರಮ್ಮು, ನಿರಾಯುಧನೊಬ್ಬನನ್ನು ಗುಂಪು ಥಳಿಸುವ ದೃಶ್ಯಕ್ಕೂ ಅದೇ ಡ್ರಮ್ಮು. ಪೆಟ್ಟು ತಿನ್ನುವವನ ಅಳು ಅದರಲ್ಲಿ ಕೇಳಿಸುವುದಿಲ್ಲ. ಹೊಡೆಯುವವನು ನಾಯಕನಾಗಿಬಿಡುತ್ತಾನೆ. ಒಂದು ಜನಾಂಗದ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬುದು ಕುರ್‌ಆನಿನ ಆದೇಶ. ಆ ಆದೇಶ ಪಾಲಿಸಬೇಕಾದರೆ ಮೊದಲು ಎದುರಿಗಿನವನ ಅಳು ಕಿವಿಗೆ ಬೀಳಬೇಕು.

ಸಾಂಬ್ರಾಕ್ಕೆ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಕುಮಾರ ಗಂಧರ್ವರು ಹುಟ್ಟಿದರು. ಕ್ಷಯರೋಗದಿಂದ ವರ್ಷಗಟ್ಟಲೆ ಹಾಡಲಾಗದೆ, ಮತ್ತೆ ಹಾಡತೊಡಗಿದ ಅವರ ದನಿಯಲ್ಲಿ ಕಬೀರ ಹೊಸದಾಗಿ ಕೇಳಿಸಿದ. ಅವರ ಗಾಯನದಲ್ಲಿ ಸ್ವರಗಳ ನಡುವೆ ಬಿಡುವಿದೆ. ಆ ಬಿಡುವಿನಲ್ಲಿ ಕೇಳುಗನಿಗೆ ತನ್ನನ್ನು ತಾನು ನೋಡಿಕೊಳ್ಳಲು ಜಾಗವಿದೆ. ಹಾಗೆಂದು ಮೆಲುದನಿಯೆಲ್ಲ ಒಳ್ಳೆಯದು, ಅಬ್ಬರವೆಲ್ಲ ಕೆಟ್ಟದ್ದು ಎನ್ನಲಾಗದು. ದ್ವೇಷಕ್ಕೆ ಭಜನೆಯನ್ನೂ ಬಳಸಬಹುದು, ಕವ್ವಾಲಿಯನ್ನೂ ಬಳಸಬಹುದು.

ನಮ್ಮ ಮಕ್ಕಳಿಗೆ ಸಿನಿಮಾ ನೋಡಬೇಡಿ ಎಂದರೆ ಅವರು ಕೇಳಲಾರರು. ಒಂದು ಸಣ್ಣ ಅಭ್ಯಾಸವನ್ನು ಕಲಿಸಬಹುದು. ಮೈ ಜುಮ್ಮೆನ್ನಿಸಿದ ದೃಶ್ಯವನ್ನು ಒಮ್ಮೆ ಶಬ್ದವಿಲ್ಲದೆ ನೋಡಲಿ. ಆಗಲೂ ಆ ನಾಯಕ ಮಾಡಿದ್ದು ನ್ಯಾಯವೆಂದೇ ಅನ್ನಿಸುವುದೇ ಎಂದು ತಮ್ಮನ್ನು ತಾವೇ ಕೇಳಿಕೊಳ್ಳಲಿ. ದೊಡ್ಡವರಾದ ನಾವೂ ಅವರ ಪಕ್ಕದಲ್ಲಿ ಕುಳಿತು ಉತ್ತರ ಹುಡುಕುವುದು ಒಳ್ಳೆಯದು.