ಹಳೆಯ ಮರಳು ಮತ್ತು ಯತ್ನಾಚಾರ

ನೀರನ್ನು ಸೋಸಿ ಬಳಸುವುದು ಶ್ರಾವಕರ ಮನೆಯ ಪ್ರಾಚೀನ ಆಚಾರ. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು, ನೀರು ಸೇದಿದ ಬಾವಿಗೇ ಮರಳಿ ಬಿಡಬೇಕೆಂಬುದು ಅದರ ಉತ್ತರಾರ್ಧ. ಪೂರ್ವಾರ್ಧವು ಕುಡಿಯುವವನ ಆರೋಗ್ಯಕ್ಕೂ ಒದಗುತ್ತದೆ. ಜೀವದಯೆಯ ಪರೀಕ್ಷೆ ನಡೆಯುವುದು ಉತ್ತರಾರ್ಧದಲ್ಲಿ.

ಇದೇ ಪ್ರಶ್ನೆ ಇಂದು ಹೊಸ ರೂಪದಲ್ಲಿ ಬರಬಹುದು. ಕಾರ್ಕಳದ ಕುಟುಂಬವೊಂದು ಮಣಿಪಾಲಕ್ಕೆ ಮನೆ ಬದಲಿಸುತ್ತದೆ ಎಂದು ಭಾವಿಸಬಹುದು. ಮಕ್ಕಳ ಆಸೆಗೆ ಸಾಕಿದ ಕಡಲಮೀನುಗಳಿಗೂ ಹೊಸ ಗಾಜಿನ ತೊಟ್ಟಿ ಬರುತ್ತದೆ. ತಳದ ಹಳೆಯ ಮರಳನ್ನು ಎಸೆಯಬೇಕೆ, ಉಳಿಸಬೇಕೆ?

ಆ ಮರಳು ಬರಿಯ ಮರಳಲ್ಲ. ಮೀನಿನ ಮಲ ಹಾಗೂ ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ವಿಷವನ್ನು ನೈಟ್ರೈಟ್ ಆಗಿಯೂ, ಬಳಿಕ ಅಷ್ಟು ಹಾನಿಕರವಲ್ಲದ ನೈಟ್ರೇಟ್ ಆಗಿಯೂ ಪರಿವರ್ತಿಸುವ ಸೂಕ್ಷ್ಮಾಣುಗಳು ಅದರ ಕಣಕಣಕ್ಕೂ ಅಂಟಿಕೊಂಡಿರುತ್ತವೆ. ಸಣ್ಣ ಹುಳುಗಳೂ ಅಲ್ಲಿ ಬಾಳುತ್ತವೆ. ಹೊಚ್ಚಹೊಸ ತೊಟ್ಟಿಯಲ್ಲಿ ಈ ವ್ಯವಸ್ಥೆ ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಕಣ್ಣಿಗೆ ಶುಚಿಯಾಗಿ ತೋರುವ ಹೊಸ ಮರಳಿನ ಮೇಲೆ ಮೀನುಗಳು ವಿಷದಲ್ಲಿ ನರಳಬಹುದು.

ಹಾಗೆಂದು ಎಲ್ಲವನ್ನೂ ಬಗೆದು ಸುರಿಯುವುದೂ ದಯೆಯಲ್ಲ. ದಪ್ಪ ಪದರದ ಅಡಿಯಲ್ಲಿ ಆಮ್ಲಜನಕವಿಲ್ಲದೆ ಕೊಳೆತ ವಸ್ತುವೂ ಹೈಡ್ರೋಜನ್ ಸಲ್ಫೈಡ್ ಅನಿಲವೂ ಸೇರಿರಬಹುದು. ಒಮ್ಮೆಲೇ ಕದಡಿದರೆ ಮೀನುಗಳು ಸಾಯಬಹುದು. ಕ್ಲೋರಿನ್ ಬೆರೆತ ನಲ್ಲಿಯ ನೀರಿನಲ್ಲಿ ತೊಳೆದರೆ ಅಥವಾ ಬಿಸಿಲಿಗೆ ಒಣಗಿಸಿದರೆ ಮರಳಿನ ಜೀವಗಳೇ ಅಳಿಯುತ್ತವೆ. ಮೀನುಗಳನ್ನು ಮೊದಲು ಬೇರೆಡೆಗೆ ಸರಿಸಿ, ಮೇಲ್ಪದರವನ್ನು ನಿಧಾನವಾಗಿ ತೆಗೆದು, ಅದೇ ತೊಟ್ಟಿಯ ಉಪ್ಪುನೀರಿನಲ್ಲಿ ಜಾಲಿಸಿ, ಒದ್ದೆಯಾಗಿಯೇ ಅಂದೇ ಸಾಗಿಸುವುದು ಮೇಲು. ಅಮೋನಿಯಾ ಇಲ್ಲವೆಂದು ಪರೀಕ್ಷಿಸಿದ ಮೇಲೆಯೇ ಮೀನುಗಳನ್ನು ಬಿಡಬೇಕು.

ಹಳೆಯ ಮರಳನ್ನು ಕಾಪುವಿನ ಕಡಲಿಗೆ ಸುರಿದು ಪುಣ್ಯವೆಂದುಕೊಳ್ಳುವುದೂ ತಪ್ಪು. ತೊಟ್ಟಿಯ ರೋಗಾಣು, ಪರಸ್ಥಳದ ಜೀವಿ ಅಲ್ಲಿಗೆ ಸೇರಬಹುದು. ಈ ಜೀವಗಳ ಪಾಲಿಗೆ ‘ಅದೇ ಬಾವಿ’ ಎಂದರೆ ಹೊಸ ತೊಟ್ಟಿಯೇ.

ಇಷ್ಟು ಮಾಡಿದರೂ ಕೆಳಪದರದ ಕೆಲವು ಜೀವಗಳು ಅಳಿಯುತ್ತವೆ. ಅದನ್ನು ಆರಂಭೀ ಹಿಂಸೆಯೆಂದು ಲೆಕ್ಕಕ್ಕೆ ಬರೆದುಕೊಳ್ಳಬೇಕೇ ಹೊರತು ಅಳಿಸಬಾರದು. ಖಾತೆಯ ಮೊದಲ ಸಾಲು ಇನ್ನೂ ಕಠಿಣ: ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಮೊದಲು ಹೆಸರಿಸುವುದು ‘ಬಂಧ’ವನ್ನು. ಮರಳಿನ ಚಿಂತೆಗಿಂತ ಮೊದಲೇ ಸೆರೆಯ ಚಿಂತೆ ಬರಬೇಕಿತ್ತು.

ಈಗಾಗಲೇ ಸಾಕಿದವರಿಗೆ ಪ್ರಮಾದವಿಲ್ಲದ ಆರೈಕೆಯೇ ಋಣ ತೀರಿಸುವ ದಾರಿ. ಸಾಕಬೇಕೆನ್ನುವವರು ಮಕ್ಕಳೊಡನೆ ಒಮ್ಮೆ ವರಂಗದ ಕೆರೆಬಸದಿಗೆ ದೋಣಿಯಲ್ಲಿ ಹೋಗಿಬರಲಿ. ಅಲ್ಲಿಯ ಮೀನುಗಳಿಗೆ ಗಾಜಿನ ಗೋಡೆಯಿಲ್ಲ.