ನೀರು ಕೆಟ್ಟಿದೆ ಎಂದವರು ಊರಿನವರೇ



ಅರಸುಗಳು ಗ್ರಂಥದ ಎರಡನೆಯ ಭಾಗದಲ್ಲಿ ಜೆರಿಕೋ ಪಟ್ಟಣದ ಒಂದು ಚಿಕ್ಕ ಪ್ರಸಂಗವಿದೆ. ಊರಿನ ಜನರು ಪ್ರವಾದಿ ಎಲೀಷನ ಬಳಿಗೆ ಬಂದು, ಊರೇನೋ ಚೆನ್ನಾಗಿದೆ, ನೀರು ಮಾತ್ರ ಕೆಟ್ಟದ್ದು ಎಂದು ಅರಿಕೆ ಮಾಡಿಕೊಳ್ಳುತ್ತಾರೆ. ಎಲೀಷ ಹೊಸ ಬಟ್ಟಲಲ್ಲಿ ಉಪ್ಪು ತರಿಸಿ, ಬುಗ್ಗೆಯ ಮೂಲಕ್ಕೇ ಹೋಗಿ ಅದರಲ್ಲಿ ಹಾಕುತ್ತಾನೆ. ನಾವು ಆ ಉಪ್ಪಿನ ಅದ್ಭುತವನ್ನೇ ಕೊಂಡಾಡುತ್ತೇವೆ. ಆದರೆ ಜನರ ಆ ಮೊದಲ ಮಾತನ್ನು ಗಮನಿಸಿದ್ದೀರಾ? ತಮ್ಮೂರಿನ ನೀರನ್ನು ಕೆಟ್ಟದ್ದೆಂದು ಒಪ್ಪುವುದು ಸುಲಭವಲ್ಲ.

ಸಿರಸಂಗಿ, ಸವದತ್ತಿ ಸೀಮೆಯವರಿಗೆ ನೀರೆಂದರೆ ಮಲಪ್ರಭೆ. ಕಣಕುಂಬಿಯಲ್ಲಿ ಹುಟ್ಟಿ, ನವಿಲುತೀರ್ಥದ ಅಣೆಕಟ್ಟಿನಲ್ಲಿ ರೇಣುಕಾ ಸಾಗರವಾಗಿ ನಿಲ್ಲುವ ತಾಯಿ. ಬೇಸಿಗೆ ರಜೆಯಲ್ಲಿ ಮಕ್ಕಳು ಈಜುವುದು, ದನ ಮೈತೊಳೆಯುವುದು, ಬಟ್ಟೆ ಒಗೆಯುವುದು ಎಲ್ಲವೂ ಅಲ್ಲೇ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಯಲ್ಲಮ್ಮನ ಗುಡ್ಡಕ್ಕೆ ಹೋಗುವ ನೆರೆಹೊರೆಯವರು ಜೋಗುಳಬಾವಿಯಲ್ಲಿ ಮೀಯುತ್ತಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ರಾಜ್ಯದ 17 ಮಲಿನ ನದಿಪಾತ್ರಗಳಲ್ಲಿ ಮಲಪ್ರಭೆಯೂ ಸೇರಿತ್ತು.

"ನೀರು ತಿಳಿಯಾಗಿದೆಯಲ್ಲ, ಫಾದರ್" ಎನ್ನುವಿರಿ. ಬುದ್ಧಿಯು ವಸ್ತುಸ್ಥಿತಿಗೆ ಹೊಂದುವುದೇ ಸತ್ಯವೆಂದು ಸಂತ ಥಾಮಸ್ ಅಕ್ವಿನಾಸರು ಕಲಿಸಿದರು. ಕಣ್ಣಿಗೆ ಕಾಣದ ರೋಗಾಣುವೂ ವಸ್ತುಸ್ಥಿತಿಯೇ. 2020ರಲ್ಲಿ ಕೊರೋನಾ ಹರಡಿದಾಗ ದೇವಾಲಯಗಳ ಬಾಗಿಲಲ್ಲಿದ್ದ ತೀರ್ಥದ ಪಾತ್ರೆಗಳನ್ನು ಬರಿದುಮಾಡಿದೆವು. ಅದರಿಂದ ನಮ್ಮ ವಿಶ್ವಾಸವೇನೂ ಬರಿದಾಗಲಿಲ್ಲ. ಆಶೀರ್ವದಿಸಿದ ನೀರೂ ನೀರೇ. ದೈವಕೃಪೆ ಪ್ರಕೃತಿಯನ್ನು ಅಳಿಸುವುದಿಲ್ಲ.

ಪರೀಕ್ಷೆಗೆ ದೊಡ್ಡ ವಿದ್ಯೆ ಬೇಡ. ರಾಸಾಯನಿಕ ಸವರಿದ ಕಾಗದದ ಪಟ್ಟಿಯಿರುವ ಚಿಕ್ಕ ಬಾಟಲಿಗೆ ನೀರು ತುಂಬಿ, ಬೆಚ್ಚನೆಯ ಜಾಗದಲ್ಲಿ ಒಂದೆರಡು ದಿನ ಇಟ್ಟರೆ ಸಾಕು. ಕಪ್ಪಾದರೆ ಮಲ ಬೆರೆತಿರುವ ಶಂಕೆ. ಈ ವಿಧಾನವನ್ನು 1982ರಲ್ಲಿ ಲೋಕಕ್ಕೆ ತಿಳಿಸಿದವರು ನಮ್ಮ ದೇಶದ ವಿಜ್ಞಾನಿಗಳೇ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಪ್ರತಿ ಗ್ರಾಮದ ಐವರು ಮಹಿಳೆಯರಿಗೆ ಕುಡಿಯುವ ನೀರಿನ ಪರೀಕ್ಷೆ ಕಲಿಸಲು ಹೊರಟಿತು. ನಮ್ಮ ಮನೆಗಳ ತಾಯಂದಿರೂ, ಯುವಜನರೂ ಅದನ್ನು ಕಲಿಯಬಾರದೇಕೆ? ಹೊಳೆಯ ದಡಕ್ಕೂ ಒಯ್ಯಬಾರದೇಕೆ?

ಒಂದು ಎಚ್ಚರಿಕೆ. ತೆರೆದ ಹೊಳೆಯ ನೀರು ಬಹುಮಟ್ಟಿಗೆ ಕಪ್ಪಾಗಿಯೇ ತೀರುತ್ತದೆ. ಆದ್ದರಿಂದ ಮೀಯುವ ನೀರಿಗೆ ಲೆಕ್ಕವೇ ಮುಖ್ಯ: ಮಂಡಳಿಯ ಪ್ರಕಾರ 100 ಮಿಲಿಲೀಟರಿನಲ್ಲಿ ಕೋಲಿಫಾರ್ಮ್ 500 ಮೀರಬಾರದು. ಅದನ್ನು ಎಣಿಸುವುದು ಪ್ರಯೋಗಾಲಯದ ಕೆಲಸ. ಸ್ವಯಂಸೇವಕರ ಕೆಲಸ ಬೇರೆ. ಪ್ರತಿ ತಿಂಗಳು ಅದೇ ಜಾಗದಲ್ಲಿ, ಶುದ್ಧ ಬಾಟಲಿಯ ಬಾಯಿಗೆ ಕೈ ತಾಗಿಸದೆ, ಮೇಲಿನ ಕೆನೆಯನ್ನು ಬಿಟ್ಟು ನೀರು ತುಂಬಬೇಕು. ತಂಪಾಗಿಟ್ಟು ತಡಮಾಡದೆ ತಲುಪಿಸಿ, ದಿನಾಂಕ ಬರೆದಿಡಬೇಕು. ಜಾತ್ರೆಯ ಮುಂಚೆ ಮತ್ತು ಅನಂತರ, ಮೊದಲ ಮಳೆಯ ಮುಂಚೆ ಮತ್ತು ಅನಂತರ ತಪ್ಪದೆ ತೆಗೆಯಬೇಕು, ಏಕೆಂದರೆ ಮೊದಲ ಮಳೆ ದಡದ ಕೊಳೆಯನ್ನೆಲ್ಲ ಒಳಗೆಳೆಯುತ್ತದೆ. ಬೇಸರದ ಕೆಲಸ, ನಿಜ. ತ್ಯಾಗವೀರ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯೆಗಾಗಿ ಬಿಟ್ಟುಹೋದ ಸಿರಸಂಗಿಯ ನೆಲದಲ್ಲಿ ತಿಂಗಳಿಗೊಂದು ಗಂಟೆ ಕೇಳುವುದು ಹೆಚ್ಚೇನಲ್ಲ.

ಬರೆದಿಟ್ಟ ಪುಸ್ತಕವನ್ನು ಪಂಚಾಯತಿಯ ಮುಂದಿಡಿ. ಯಾತ್ರಿಕರನ್ನು ದೂರಲು ಅದನ್ನು ಬಳಸಬೇಡಿ. ಅವರು ವರ್ಷಕ್ಕೊಮ್ಮೆ ಬಂದು ಹೋಗುವವರು. ಬಾಟಲಿ ಕಪ್ಪಾದ ದಿನ ನಮ್ಮ ಹಿತ್ತಲಿನ ಗಟಾರ ಹರಿದು ಎಲ್ಲಿ ಸೇರುತ್ತದೆಂದು ಮೊದಲು ನಡೆದು ನೋಡಿ ಬನ್ನಿ. ಎಲೀಷನೂ ಬುಗ್ಗೆಯ ಮೂಲಕ್ಕೇ ಹೋದನಲ್ಲವೇ?